ನೂರು ಆಂಪ್ ಇದ್ದರೂ ನನಗೆ ಬೇಕಿರುವುದು ಖಾಲಿ ಆಂಪ್

ಹೆಸರಾಂತ ಗಿಟಾರ್ ಆಂಪ್‌ಗಳ ಸೌಂಡನ್ನು ಡಿಜಿಟಲ್ ಆಗಿ ನಕಲು ಮಾಡುವ ಮಾಡೆಲಿಂಗ್ ಆಂಪ್ ತಗೊಂಡು, ಅದರೊಳಗಿನ ಮಾರ್ಷಲ್, ವಾಕ್ಸ್ ನಕಲು ಯಾವುದನ್ನೂ ಮುಟ್ಟದೆ ಬರೀ ಕ್ಲೀನ್ (ಸೌಂಡ್ ಒಡೆಯದ ಹಾಗೆ) ನುಡಿಸುವವರನ್ನು ಕಂಡರೆ ಕೆಲವರಿಗೆ ಯಾಕೋ ತಡೆಯೋಕಾಗಲ್ಲ. "ಇದಕ್ಕಾ ಅಷ್ಟು ದುಡ್ಡು ಸುರಿದಿದ್ದು?" ಅಂತ ಕೇಳಿಯೇ ಬಿಡುತ್ತಾರೆ. ಹೌದು, ಇದಕ್ಕೇ. ನನ್ನ ಸೌಂಡ್ ಎಲ್ಲಾ ಗಿಟಾರ್ ಮತ್ತು ಆಂಪ್ ನಡುವಿನ ಎಫೆಕ್ಟ್ ಪೆಡಲ್‌ಗಳಲ್ಲಿದೆ. ಆಂಪ್ ಮಾಡಬೇಕಾದ್ದು ಇಷ್ಟೇ: ಕೊಟ್ಟದ್ದನ್ನು ಜೋರು ಮಾಡಬೇಕು, ನಡುವೆ ಬಾಯಿ ಹಾಕಬಾರದು.

ಆದರೆ ಕ್ಲೀನ್ ಚಾನೆಲ್ ಒತ್ತಿದ ಕೂಡಲೇ ಇದು ಸಿಗಲ್ಲ. ಡಿಸ್ಟಾರ್ಷನ್ (ಒಡೆದ ಸೌಂಡ್) ಇಲ್ಲ ಅಂದ ಮಾತ್ರಕ್ಕೆ ಆಂಪ್‌ನ ಸ್ವಂತ ಬಣ್ಣ ಇಲ್ಲ ಅಂತಲ್ಲ. ಕ್ಲೀನ್ ಮಾಡೆಲ್‌ಗಳಲ್ಲಿ ತುಂಬಾ ಕಡೆ ಕಾಣುವುದು ಫೆಂಡರ್ ಟ್ವಿನ್ ರಿವರ್ಬ್ ಜಾತಿಯದ್ದು. ಆ ಆಂಪ್‌ನ ಟೋನ್ ಸರ್ಕ್ಯೂಟೇ ಹಾಗೆ, ಬಾಸ್, ಮಿಡ್, ಟ್ರೆಬಲ್ (ತಗ್ಗಿನ, ನಡುವಿನ, ಮೇಲಿನ ಸ್ವರಗಳು) ಮೂರನ್ನೂ 5ರಲ್ಲಿಟ್ಟರೂ ಮಿಡ್ ಹಳ್ಳಕ್ಕೆ ಬಿದ್ದಿರುತ್ತದೆ. ಹೆಚ್ಚುಕಡಿಮೆ ಸಮತಟ್ಟಾಗಬೇಕಿದ್ದರೆ ಬಾಸ್ ಮತ್ತು ಟ್ರೆಬಲ್ ಸೊನ್ನೆಗೆ, ಮಿಡ್ 10ಕ್ಕೆ. ನೋಡಿದವರು ನಾಬ್ ಕೆಟ್ಟಿದೆ ಅಂದುಕೊಂಡಾರು, ಆದರೆ ಕಿವಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ನಕಲು ಎಷ್ಟು ಚೆನ್ನಾಗಿದೆಯೋ ಆ ಹಳ್ಳವೂ ಅಷ್ಟೇ ಚೆನ್ನಾಗಿ ಬಂದಿರುತ್ತದೆ, ಅಲ್ವಾ?

ಅದಕ್ಕೇ ಮೊದಲು ಹುಡುಕಬೇಕಾದ್ದು ಯಾವ ಆಂಪ್ ಅನ್ನೂ ನಕಲು ಮಾಡದ ಮಾಡೆಲ್. ಫೆಂಡರ್ ಮಸ್ಟಾಂಗ್ ಸರಣಿಯ ಹಲವು ಆಂಪ್‌ಗಳಲ್ಲಿ ಅದು 'ಸ್ಟುಡಿಯೋ ಪ್ರೀಆಂಪ್'. ಯಮಾಹಾ ಟಿಎಚ್‌ಆರ್10ರಲ್ಲಿ ನಾಬನ್ನು 'ಫ್ಲಾಟ್'ಗೆ ತಿರುಗಿಸಿದರೆ ಆಯಿತು. ಆಮೇಲೆ ಕಂಪ್ರೆಸರ್, ರಿವರ್ಬ್, ನಾಯ್ಸ್ ಗೇಟ್ ಎಲ್ಲಾ ಆಫ್. ಸದ್ದು ತೀರಾ ಸಣ್ಣದಾದಾಗ ಅದನ್ನು ಕತ್ತರಿಸುವ ಈ ಗೇಟ್ ಮಾತ್ರ ಎಲ್ಲೋ ಮೆನುವಿನ ಮೂಲೆಯಲ್ಲಿ ಅಡಗಿ ಕೂತಿರುತ್ತದೆ. ಒಂದು ತಂತಿ ಮೀಟಿ ಕೈ ಬಿಟ್ಟು ಸುಮ್ನೆ ಕೇಳಿ. ಸ್ವರ ತಾನಾಗಿ ಕರಗುವ ಬದಲು ಕೊನೆಯಲ್ಲಿ ಪಟ್ಟಂತ ನಿಂತರೆ ಗೇಟ್ ಇನ್ನೂ ಆನ್ ಇದೆ ಅಂತ. ಗೇನ್ (ಒಳಬರುವ ಸಿಗ್ನಲ್‌ನ ಬಲ) ಕಡಿಮೆ, ಮಾಸ್ಟರ್ (ಒಟ್ಟು ವಾಲ್ಯೂಮ್) ಜಾಸ್ತಿ. ಇಷ್ಟನ್ನು ಒಂದು ಪ್ಯಾಚ್‌ನಲ್ಲಿ ಸೇವ್ ಮಾಡಿಟ್ಟರೆ ಪೆಡಲ್‌ಬೋರ್ಡ್‌ಗೆ ಗಟ್ಟಿ ನೆಲ ಸಿಕ್ಕಿತು.

ಇಷ್ಟೆಲ್ಲಾ ಮಾಡಿದರೂ ಒಂದು ಬಣ್ಣ ಹೋಗಲ್ಲ, ಅದು ಸ್ಪೀಕರ್‌ನದ್ದು. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್‌ಗೆ ಟ್ವೀಟರ್ (ಮೇಲಿನ ಸ್ವರಗಳಿಗಾಗಿ ಇರುವ ಪುಟ್ಟ ಸ್ಪೀಕರ್) ಇರಲ್ಲ, ಸುಮಾರು 5 ಕಿಲೋಹರ್ಟ್ಸ್ ದಾಟಿದರೆ ಅದು ಕೈಚೆಲ್ಲುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಫೋನ್‌ನಿಂದ ಆಂಪ್‌ನ ಆಕ್ಸ್‌ಗೆ (ಹೊರಗಿನ ಹಾಡು ನುಡಿಸಲು ಇರುವ ಇನ್‌ಪುಟ್) ಹಾಕಿ ನೋಡಿ. ಸಿಂಬಲ್‌ನ ಮೇಲಿನ ಮಿರುಗು ಇಲ್ಲ, ಹಾಡುವವರ 'ಸ' ಮಸುಕು. ಆಕ್ಸ್ ಸಿಗ್ನಲ್ ಸಾಮಾನ್ಯವಾಗಿ ಮಾಡೆಲಿಂಗ್ ಮುಟ್ಟದೆ ನೇರ ಹೋಗುತ್ತದೆ, ಹಾಗಾಗಿ ನೀವು ಕೇಳುತ್ತಿರುವುದು ಹೆಚ್ಚಾಗಿ ಸ್ಪೀಕರನ್ನೇ. ಅಕೌಸ್ಟಿಕ್ ಗಿಟಾರ್, ಕೀಬೋರ್ಡ್ ಹಾಕುವವರು ಇಲ್ಲೇ ನಿರಾಶರಾಗುವುದು. ಈಕ್ಯೂನಲ್ಲಿ 8 ಕಿಲೋಹರ್ಟ್ಸ್ ಎಷ್ಟು ಎತ್ತಿದರೂ ಸ್ಪೀಕರ್ ಕೊಡಲಾಗದ್ದು ಬರಲ್ಲ. ಅವರಿಗೆ ಪಿಎ (ಸಭೆ, ಕಛೇರಿಗಳಲ್ಲಿ ಬಳಸುವ) ಸ್ಪೀಕರ್ರೇ ಸರಿ, ಇಲ್ಲವೇ ಟಿಎಚ್‌ಆರ್ ಥರ ಹಾಡು ಕೇಳೋಕೂ ಆಗುವ ಪುಟ್ಟ ಸ್ಪೀಕರ್ ಇರುವ ಆಂಪ್.

ಎಲೆಕ್ಟ್ರಿಕ್ ಗಿಟಾರ್‌ನವರಿಗೆ ಮಾತ್ರ ನನ್ನ ಮಾತು ಉಲ್ಟಾ. ಈ ಸ್ಪೀಕರ್ ಬಣ್ಣ ನಿಮಗೆ ಬೇಕೇ ಬೇಕು. ಸೌಂಡನ್ನು ಒರಟಾಗಿ ಒಡೆಯುವ ಫಝ್ ಪೆಡಲನ್ನು ನೇರವಾಗಿ ಸ್ಟುಡಿಯೋ ಮಾನಿಟರ್‌ಗೆ ಹಾಕಿ ಕೇಳಿ, ಡಬ್ಬದೊಳಗೆ ಕಣಜ ಸಿಕ್ಕಿಹಾಕಿಕೊಂಡ ಹಾಗಿರುತ್ತದೆ. ರೋಲ್ಯಾಂಡ್ ಜೆಸಿ-120 ನೋಡಿ, 1975ರಿಂದ ಕ್ಲೀನ್ ಅಂದರೆ ಅದರ ಹೆಸರೇ ಬರುತ್ತದೆ. ಅದರಲ್ಲಿ ಇರುವುದೂ 12 ಇಂಚಿನ ಎರಡು ಗಿಟಾರ್ ಸ್ಪೀಕರ್‌ಗಳೇ. ಸ್ಪೀಕರ್‌ವರೆಗಿನ ದಾರಿ ಶುದ್ಧವಾಗಿದ್ದರೆ ಸಾಕು, ಅದರಾಚೆಗಿನ ಶುದ್ಧಿ ನನಗಂತೂ ಬೇಡ. ಮುಂದೆ ನಿಜವಾದ ಗಿಟಾರ್ ಸ್ಪೀಕರ್ ಇರುವಾಗ ಮಲ್ಟಿ ಎಫೆಕ್ಟ್‌ನ (ಹಲವು ಎಫೆಕ್ಟ್ ಒಂದರಲ್ಲೇ ಇರುವ ಪೆಡಲ್) ಕ್ಯಾಬಿನೆಟ್ ಸಿಮ್ಯುಲೇಶನ್, ಅಂದರೆ ಸ್ಪೀಕರ್ ಪೆಟ್ಟಿಗೆಯ ನಕಲನ್ನು ಕೂಡ ಆಫ್ ಮಾಡಿ, ಎರಡೆರಡು ಕ್ಯಾಬಿನೆಟ್ ಸೇರಿದರೆ ಸೌಂಡ್ ಮಂಕಾಗುತ್ತದೆ.

ಹಾಗಾದ್ರೆ ಸಾದಾ ಟ್ರಾನ್ಸಿಸ್ಟರ್ ಆಂಪ್ ಸಾಕಿತ್ತಲ್ಲ ಅಂತೀರಾ? ಸಾಕು. ಆದರೆ ಅದರ ಕ್ಲೀನ್ ಹಿಡಿಸದಿದ್ದರೆ ಬೇರೆ ದಾರಿ ಇಲ್ಲ, ಮಾಡೆಲಿಂಗ್ ಆಂಪ್‌ನಲ್ಲಾದರೆ ಇನ್ನೊಂದು ಪ್ಯಾಚ್ ಮಾಡಿಕೊಳ್ಳಬಹುದು.

ಇನ್ನೊಂದು ವಿಷಯ. ಆಕ್ಸ್ ಶುದ್ಧ ದಾರಿ ಅಂತ ಗಿಟಾರನ್ನೇ ನೇರ ಅದಕ್ಕೆ ಚುಚ್ಚಬೇಡಿ. ಗಿಟಾರ್‌ನ ಮಾಮೂಲಿ ಪಿಕಪ್‌ಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಸುಮಾರು 1 ಮೆಗಾಓಮ್ ಇಂಪೀಡೆನ್ಸ್‌ನ ಇನ್‌ಪುಟ್ ಬೇಕು. ಆಕ್ಸ್‌ನದ್ದು ಅದಕ್ಕಿಂತ ತುಂಬಾ ಕಡಿಮೆ, ಟ್ರೆಬಲ್ ಸತ್ತೇ ಹೋಗುತ್ತದೆ. ಮಧ್ಯೆ ಬಫರ್ (ಸಿಗ್ನಲ್ ಸೊರಗದಂತೆ ಕಾಯುವ ಸರ್ಕ್ಯೂಟ್) ಇರುವ ಒಂದು ಪೆಡಲ್ ಇರಲಿ. ಆಕ್ಸ್‌ಗೆ ಬೇರೆ ವಾಲ್ಯೂಮ್ ನಾಬ್ ಇಲ್ಲದ ಆಂಪ್‌ಗಳೂ ಇವೆ, ಆದ್ದರಿಂದ ಪೆಡಲ್‌ನ ಔಟ್‌ಪುಟ್ ಸೊನ್ನೆಯಲ್ಲಿಟ್ಟುಕೊಂಡು ನಿಧಾನಕ್ಕೆ ಏರಿಸಿ.