ಹಿಮಕರಡಿ ಬ್ಯಾಡ್ರಿ, ಬೆಣ್ಣಿಹಳ್ಳದ ಮಾತಾಡ್ರಿ

ತಲಿ ಕೆಟ್ಟೈತಿ, ಅದಕ್ಕ ಬರೀತೀನಿ. ಇವತ್ತ ಜೂನ್ ಐದು, ಪರಿಸರ ದಿನ, ನಮ್ಮ ಬೆಣ್ಣಿಹಳ್ಳ ಹರಿಯೂ ನವಲಗುಂದ ಕಡೆ ಒಂದ್ ಸಾಲಿಗೆ ಹೋಗಿದ್ವಿ, ಹೆಸರು ಕೇಳಬ್ಯಾಡ್ರಿ. ಗೇಟಿಗೆ ದೊಡ್ಡ ಫ್ಲೆಕ್ಸು, ಅದರಾಗ ಒಂದು ಹಿಮಕರಡಿ ಅಳೂ ಮಾರಿ ಮಾಡ್ಕೊಂಡು ಮಂಜಿನ ಗಡ್ಡಿ ಮ್ಯಾಲೆ ನಿಂತೈತಿ. ರೋಹಿಣಿ ಮಳಿ ಒಂದ್ ಹನಿ ಬಿದ್ದಿಲ್ಲ, ಎರಿ ಹೊಲಾ ಬಾಯಿ ಬಿಟ್ಕೊಂಡ್ ಬಿದ್ದಾವು, ಇವರಿಗೆ ಹಿಮಕರಡಿ ಚಿಂತಿ!

ಜೋಡಿ ಇದ್ದವರು ಗಿಡ್ಡ್ಯಾ, ಪುಟ್ಟಿ, ಇಬ್ರೂ ನನ್ನ ಗೆಳ್ಯಾರು. ಒಂದನೇತ್ತಾದಿಂದ ನಾವ್ ಮೂರೂ ಮಂದಿ ಒಂದ ಓಣಿ. (ಪೂರ್ತಿ ಹೆಸರು ಬರದ್ರ ಇಬ್ರೂ ಕೂಡಿ ಬೈತಾರ, ಅದೊಂದರಾಗ ಭಾಳ ಒಗ್ಗಟ್ಟು.) ಅಂವ ಟ್ಯೂಷನ್ ಹೇಳ್ತಾನ, ಆಕಿ ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಕಲ್ತು ಈಗ ಹೊಲಾ ನೋಡ್ಕೋತಾಳ. ಇಬ್ರೂ ಸಾಲಿ ಸಾಲಿ ತಿರಗಿ ಹುಡುಗೂರಿಗೆ ಹವಾಮಾನದ ಪಾಠ ಮಾಡ್ತಾರ. ನಾ ಕಾರ್ ಹೊಡಿತೀನಿ, ಝೆರಾಕ್ಸ್ ಮಾಡಿಸ್ತೀನಿ, ಅಷ್ಟ.

ಮೊದಲ ಸಸಿ, ಆಮ್ಯಾಲೆ ಶಾಲು, ಆಮ್ಯಾಲೆ ಭಾಷಣ, ಟೈಮ್ ಉಳದ್ರ ಪಾಠ. ಸಸಿ ಹಚ್ಚೋದು ತಪ್ಪೇನ್ರಿ ಅಂತ ಕಮೆಂಟ್ ಹಾಕಾಕ ಬರ್ತೀರಿ, ಗೊತ್ತೈತಿ ನನಗ. ತಪ್ಪಲ್ಲ ಮಾರಾಯ್ರ, ಹಚ್ರಿ. ಆದ್ರ ತೆಗ್ಗು ಹ್ವಾದ ವರ್ಷದ್ದ, ಅದರಾಗಿನ ಒಣಗಿದ ಕಡ್ಡಿ ಕಿತ್ತು ಬಾಜೂಕ ಒಗದು ಹೊಸಾದು ಇಟ್ರು, ನೀರ್ ಹಾಕೂ ಫೋಟೋ ತಗೊಂಡ್ರು, ಫೋಟೋ ಆದಮ್ಯಾಲೆ ಕೊಡ ಎತ್ತಿ ಒಳಗಿಟ್ರು.

ಕಡೀಕ ಪಾಠ ಶುರು ಆತು. ಎರಡು ಲೀಟರ್ ಬಾಟ್ಲಿ ಕತ್ತರಿಸಿ, ಮ್ಯಾಲಿನ ಭಾಗ ಬೋರಲ ಇಟ್ರ ಮಳಿಮಾಪಕ. ತಳಕ್ಕ ಉಸುಗು ಹಾಕೂಣು ಅಂದ ಗಿಡ್ಡ್ಯಾ. ಉಸುಗು ನೀರ್ ಕುಡಿತೈತಿ, ಹಳ್ಳು ಹಾಕಿ ಗೆರಿ ತನಕ ನೀರ್ ತುಂಬು, ಅಲ್ಲಿಂದ ಸೊನ್ನಿ ಅಂತ ಪುಟ್ಟಿ. ಹುಡುಗೂರ ಮುಂದ ನಾಲ್ಕನೇತ್ತಾದಾಗ ಜಗಳಾಡಿದಂಗ ಜಗಳಾಡಿದ್ರು, ಹುಡುಗೂರು ಬಿದ್ದು ಬಿದ್ದು ನಕ್ವು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳಿ ಅಂದ್ರ ಒಂದು ಲೀಟರ್ ನೀರು. ಹಂಗಾರ ನೂರು ಚದರ ಮೀಟರ್ ಸ್ಲ್ಯಾಬಿಗೆ 10 ಮಿಲಿಮೀಟರ್ ಬಿದ್ರ? ಸಾವಿರ ಲೀಟರ್! "ಸರ್, ನಮ್ಮ ಸಿಂಟೆಕ್ಸ್ ತುಂಬತೈತ್ರಿ!" ಅಂತ ಹಿಂದಿನ ಬೆಂಚಿನಾಂವ ಒದರಿದ.

ಆಮ್ಯಾಲೆ ಪುಟ್ಟಿ, "ರೋಹಿಣಿ ಮಳಿ ಆದ್ರ ಓಣಿಯೆಲ್ಲಾ ಜೋಳ ಅಂತ ನಿಮ್ಮ ಅಜ್ಜ ಹೇಳಿದ್ದು ಯಾರ್ ಕೇಳೀರಿ?" ಅಂದ್ಲು. ಭಾಳ ಕೈ ಎದ್ವು. 2019ರ ಆಗಸ್ಟ್ ನೆನಪೈತೇನು ಅಂದಕೂಡ್ಲೆ ಒಂದ್ ಹುಡುಗಿ ಎದ್ದು, ಬೆಣ್ಣಿಹಳ್ಳ ಬಂದು ಮನಿಯಾಗ ನೀರ್ ಹೊಕ್ವು, ನಾವು ಗುಡಿಯಾಗ ಮಲಗಿದ್ವಿ ಅಂತು. 2023ರಾಗ ಅದ ಹೊಲಾ ಬರಗಾಲ, ರಾಜ್ಯದ 236 ತಾಲೂಕಿನ್ಯಾಗ 223 ಬರಪೀಡಿತ. ಗಾಳಿ ಒಂದ್ ಡಿಗ್ರಿ ಬಿಸಿ ಆದ್ರ ಸುಮಾರು 7% ಜಾಸ್ತಿ ಆವಿ ಹಿಡಕೋತೈತಿ, ಅದಕ್ಕ ಸುರದ್ರ ಒಮ್ಮಿಗೇ ಸುರೀತೈತಿ ಅಂತ ಆಕಿ ಬೋರ್ಡ್ ಮ್ಯಾಲೆ ಬರದ್ರ ಒಂದ್ ಹುಡುಗನೂ ಅಲ್ಲಾಡಲಿಲ್ಲ. ಯಾವ ಹಿಮಕರಡಿ ಬೇಕ್ರಿ ಇದಕ್ಕ?

ಅಷ್ಟರಾಗ ಒಬ್ರು ಮಾಸ್ತರು ಗಡಿಯಾರ ನೋಡಿ "ಇವೆಲ್ಲ ಪರೀಕ್ಷಾದಾಗ ಬರಂಗಿಲ್ರಿ" ಅಂದ್ರು. ಪಾಪ, ಅವರ ಸಿಲಬಸ್ ಚಿಂತಿ ಅವರಿಗೆ, ರಿಸಲ್ಟ್ ಕಡಿಮಿ ಬಂದ್ರ ನೋಟಿಸ್ ಬರೂದು ಅವರಿಗೇ, ಒಪ್ಪತೀನಿ. ಆದ್ರೂ ಪರಿಸರ ಕಡ್ಡಾಯ ವಿಷಯ ಮಾಡ್ರಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1991ರಾಗ. ನಾವ್ ಏನ್ ಮಾಡಿದ್ವಿ? ಥರ್ಮಾಕೋಲ್ ಭೂಮಿ ಮಾಡಿ, ಅದಕ್ಕ ಥರ್ಮಾಮೀಟರ್ ಬಾಯಾಗ ಇಟ್ಟು, ಫಸ್ಟ್ ಪ್ರೈಜ್ ಕೊಟ್ವಿ.

ಖರೇ ಹೇಳ್ಲೇನು, ಇಬ್ಬರನ್ನೂ ನೋಡಿ ನನಗ ಹೊಟ್ಟಿಕಿಚ್ಚು. ಹುಡುಗೂರ ಮುಂದ ನಿಂತ್ರ ನನಗ ಬಾಯಿ ಒಣಗತೈತಿ, ಅವರು ಹಂಗ ನಕ್ಕೋತ ಎರಡು ತಾಸು ಎಳೀತಾರ. ಇವತ್ತ ಸಿಕ್ಕಿದ್ದು ಬರೇ ಅರ್ಧಾ ತಾಸು, ಶಾಲು ಹೊಚ್ಚಾಕ ಅದಕ್ಕಿಂತ ಜಾಸ್ತಿ ಹೊತ್ತು ಹಿಡೀತು.

ಬೆಣ್ಣಿಹಳ್ಳದ ದಂಡಿ ಊರಾಗ, ಕುಂದಗೋಳ ಆಗ್ಲಿ ರೋಣ ಆಗ್ಲಿ, ನಿಮ್ಮ ಪರಿಚಯದ ಮಾಸ್ತರು, ಅಕ್ಕೋರು ಇದ್ರ ನನಗ ಮೆಸೇಜ್ ಹಾಕ್ರಿ. ಖಾಲಿ ಬಾಟ್ಲಿ ಕೂಡಿಸಿ ಇಡ್ರಿ, ಚಾ ಕೊಟ್ರ ಕುಡೀತೀವಿ. ಫ್ಲೆಕ್ಸ್ ಬ್ಯಾಡ. ಶಾಲಂತೂ ಬ್ಯಾಡಾ ಬ್ಯಾಡ, ಟ್ರಂಕ್ ಮುಚ್ಚವಲ್ದು ಅಂತ ಮನಿಯಾಗ ಬೈಸ್ಕೊಳಾಕತ್ತೀನಿ.