ಲೋಗೋಗೆ ಬೋರರ್ ಹೊಡೆದಾಗ

ನಮ್ಮ ಕಡೆಯ ಒಂದು ಸಹಕಾರ ಬ್ಯಾಂಕಿನ ಹಳೇ ಲೋಗೋದಲ್ಲಿ ಇಲ್ಲದ್ದೇ ಇರಲಿಲ್ಲ. ಬೆಟ್ಟ, ಸೂರ್ಯ, ಕಾವೇರಿ, ಆನೆ, ಕಾಫಿ ಗಿಡ, ಮಧ್ಯೆ ಕುಲುಕುವ ಎರಡು ಕೈ. ಸೀಲ್ ಒತ್ತಿದರೆ ಇಡೀ ಕೊಡಗು ಒಂದು ಮಸಿ ಮುದ್ದೆ. "ಸ್ವಲ್ಪ ಸಿಂಪಲ್ ಮಾಡಿ ಕೊಡಿ" ಎಂದರು ಅಧ್ಯಕ್ಷರು.

ಕಮಿಟಿಗೆ ಕೊಡುವ ಮೊದಲು ನಮ್ಮ ಕಸುಬಿನವರಿಗೇ ತೋರಿಸೋಣ ಎಂದು ಒಂದಷ್ಟು ಡಿಸೈನ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ವಿರಾಜಪೇಟೆಯ ಫ್ಲೆಕ್ಸ್ ಅಂಗಡಿ ಗೆಳೆಯ, ಬೆಂಗಳೂರಿನ ಏಜೆನ್ಸಿ ಸೇರಿದ ಗೆಳತಿ, ಸುಂಟಿಕೊಪ್ಪದಲ್ಲಿ ಬೋರ್ಡ್ ಬರೆಯುವ ಅಣ್ಣ. ಅಣ್ಣನಿಗೆ ಒಂದಿಷ್ಟು ರೋಬಸ್ಟಾ ತೋಟವೂ ಇದೆ.

"ಹೇಗಿದೆ?" ಅಂತ ಮಾತ್ರ ಯಾರನ್ನೂ ಕೇಳಬಾರದು. ಕೇಳಿದರೆ ಒಂದು ಹೆಬ್ಬೆರಳು ಬರುತ್ತದೆ, ಜಾಸ್ತಿ ಅಂದರೆ "ಸೂಪರ್". "ಎಂತ ಕಾಣ್ತದೆ?" ಅಂತ ಕೇಳಬೇಕು. ಹಾಗೇ ಕೇಳಿದೆ. ಆದರೆ ಅದು ಜುಲೈ. ಮಡಿಕೇರಿಯಲ್ಲಿ ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್‌ವರ್ಕೂ ಹೊರಡುತ್ತದೆ. ಎರಡು ದಿನ ಸುದ್ದಿಯಿಲ್ಲ, ಆಮೇಲೆ ಉತ್ತರಗಳೆಲ್ಲ ಒಟ್ಟಿಗೆ ದಬದಬ ಬಿದ್ದವು. "ಬಾಲ ತೆಗೆದುಬಿಡು" ಅಂತ ಒಂದು. ಯಾವುದರ ಬಾಲ? ಆನೆಯದ್ದೋ, ಮೆಣಸಿನ ಬಳ್ಳಿಯದ್ದೋ?

ಪೀಚೆಕತ್ತಿ, ಅಂದರೆ ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಿರುಗತ್ತಿ, ಇದ್ದ ಡಿಸೈನ್‌ಗೆ ಫ್ಲೆಕ್ಸ್ ಗೆಳೆಯ, "ಸಾಲ ಕಟ್ಟದಿದ್ದರೆ ಇದೇ ಗತಿ ಅಂತಲಾ ಮಾರಾಯ?" ಎಂದ. ಅದು ಅಲ್ಲಿಗೇ ಔಟ್.

ನನಗೆ ತುಂಬ ಇಷ್ಟವಾದದ್ದು ಒಂದೇ ಕಾಫಿ ಹಣ್ಣು. ತುದಿಯಲ್ಲಿ ಪುಟ್ಟ ದುಂಡು ಚುಕ್ಕೆ, ಅದು ನಾಣ್ಯ. ಅಣ್ಣ ಮೆಸೇಜ್ ಮಾಡಲಿಲ್ಲ, ಫೋನೇ ಮಾಡಿದರು. "ಇದಕ್ಕೆ ಬೋರರ್ ಹೊಡೆದಿದೆಯಲ್ಲ!" ಕಾಯಿಕೊರಕ ಹುಳ ತೂತು ಮಾಡುವುದು ಸರಿಯಾಗಿ ಅದೇ ಜಾಗದಲ್ಲಿ, ಅದೇ ಥರ, ಸೂಜಿ ಚುಚ್ಚಿದಂತೆ. ಬೆಳೆಗಾರನಿಗೆ ಸಾಲ ಕೊಡುವ ಬ್ಯಾಂಕಿನ ಬಾಗಿಲ ಮೇಲೆ ಹುಳ ಬಿದ್ದ ಕಾಯಿ! ಬೆಂಗಳೂರಿನ ಯಾವ ಡಿಸೈನರ್‌ಗೆ ಇದು ಹೊಳೆಯುತ್ತಿತ್ತು ಹೇಳಿ.

ಬೆಂಗಳೂರಿನವಳ ಮಾತೂ ದಂಡವಾಗಲಿಲ್ಲ. "ಎಸ್‌ಬಿಐ ನೋಡು" ಎಂದಳು. 1971ರಲ್ಲಿ ಶೇಖರ್ ಕಾಮತ್ ಮಾಡಿದ್ದು, ಒಂದು ನೀಲಿ ವೃತ್ತ, ಒಂದು ತೂತು, ಒಂದು ಗೀಟು. ಅದನ್ನು ಬೀಗದ ಕಿಂಡಿ ಎನ್ನುವವರಿದ್ದಾರೆ, ಅಹಮದಾಬಾದಿನ ಕಂಕಾರಿಯಾ ಕೆರೆ ಎನ್ನುವವರೂ ಇದ್ದಾರೆ. ಏನೇ ಅನ್ನಲಿ, ಫೋನಿನ ಪುಟ್ಟ ಐಕಾನ್‌ನಲ್ಲೂ ಗುರುತು ಸಿಗುತ್ತದೆ. "ಬಣ್ಣ ತೆಗೆದು, ಸೀಲ್ ಮಾಡಿಸಿ ಒತ್ತಿ ನೋಡು" ಎಂದಳು. ಆ ಹೊತ್ತಿಗೆ ಹಣ್ಣು ಹೋಗಿ ಬೀಜ ಬಂದಿತ್ತು. ಒತ್ತಿದರೆ ಬೀಜದ ನಡುವಿನ ಗೀರು ಮಸಿ ಕುಡಿದು ಮುಚ್ಚಿಹೋಯಿತು. ಪಾಸ್‌ಬುಕ್ಕಿನ ಮೇಲೆ ಆಡಿನ ಹಿಕ್ಕೆ ಬಿದ್ದ ಹಾಗೆ ಕಂಡಿತು. ಗೀರನ್ನು ದಪ್ಪ ಮಾಡಿ, ಸ್ವಲ್ಪ ಬಳುಕಿಸಿದೆ. ಈಗ ಅದೇ ಕಾವೇರಿ ಅಂತ ಕಮಿಟಿಗೆ ಹೇಳಬಹುದಿತ್ತು. ಹೇಳಿದೆ ಕೂಡ.

ಲೋಗೋ ಪಾಸಾಯಿತು. ಚಪ್ಪಾಳೆಯೂ ಬಿತ್ತು. ಆಮೇಲೆ ಮ್ಯಾನೇಜರ್ ನಿಧಾನಕ್ಕೆ ಎದ್ದು, "ಹಳೇ ಚಲನ್ ಪುಸ್ತಕ ಎರಡು ಕಪಾಟು ತುಂಬ ಉಂಟು. ಅದು ಮುಗೀಲಿ, ಆಮೇಲೆ ಹೊಸದು" ಎಂದರು. ಎಲ್ಲರೂ ಅದಕ್ಕೂ ಕೈ ಎತ್ತಿದರು.