ರೂಟರಿನೊಳಗಿನ ಸಾಲನ್ನು ಸರಿಪಡಿಸಿ

ಸಂಜೆ ಆರೂವರೆಗೆ ನಾನು ಹತ್ತನೆಯ ತರಗತಿಯ ಒಂಬತ್ತು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅದೇ ಹೊತ್ತಿಗೆ ಮನೆಯಲ್ಲಿ ಯಾರದಾದರೂ ಮೊಬೈಲು ಆ ದಿನದ ಫೋಟೊ, ವಿಡಿಯೊಗಳನ್ನು ಕ್ಲೌಡಿಗೆ ಏರಿಸತೊಡಗಿದರೆ ಸಾಕು, ನನ್ನ ಮಾತು ತುಂಡುತುಂಡಾಗುತ್ತದೆ. ನಿನ್ನೆ ಸಮರೂಪ ತ್ರಿಭುಜಗಳ ಪಾಠದಲ್ಲಿ ಒಬ್ಬ ಹುಡುಗಿ ಮೂರು ಸಲ ‘ಸರ್, ಕೇಳಿಸಲಿಲ್ಲ’ ಎಂದು ಬರೆದು, ಕೊನೆಗೆ ತರಗತಿ ಬಿಟ್ಟು ಹೋದಳು.

ಎಂಟು ತಿಂಗಳಿಂದ ದೂರು ಕೊಡುತ್ತಲೇ ಇದ್ದೇನೆ. ಸಂಪರ್ಕ ಒದಗಿಸುವ ಕಂಪನಿಯವರಿಗೆ ಗೊತ್ತಿರುವುದು ಎರಡೇ ಉತ್ತರ: ರೂಟರನ್ನು ಆಫ್ ಮಾಡಿ ಆನ್ ಮಾಡಿ, ಇಲ್ಲವೇ ದೊಡ್ಡ ಪ್ಲಾನ್ ತೆಗೆದುಕೊಳ್ಳಿ. ಅದನ್ನೂ ತೆಗೆದುಕೊಂಡೆ. ತಿಂಗಳಿಗೆ ಮುನ್ನೂರು ರೂಪಾಯಿ ಹೆಚ್ಚಾಯಿತು, ಡೌನ್‌ಲೋಡ್ ವೇಗವೂ ಏರಿತು. ಅಪ್‌ಲೋಡ್ ಮಾತ್ರ ಅದೇ 10 ಎಂಬಿಪಿಎಸ್‌ನಲ್ಲಿ ಉಳಿಯಿತು.

ನಾನೇ ಅಳೆದು ನೋಡಿದ್ದೇನೆ. ಬೇರೇನೂ ನಡೆಯದಿರುವಾಗ 18 ಮಿಲಿಸೆಕೆಂಡಿಗೆ ಮರಳುವ ಪಿಂಗ್ (ಹೋಗಿಬರುವ ಸಮಯ ಅಳೆಯಲು ಕಳುಹಿಸುವ ಪುಟ್ಟ ಸಂದೇಶ), ಅಪ್‌ಲೋಡ್ ನಡೆಯುವಾಗ 1,100 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಎಂದರೆ ಹೊರಹೋಗುವ ದತ್ತಾಂಶ ಸಾಲಾಗಿ ಕಾಯುವ ಜಾಗವಾದ ಬಫರಿನಲ್ಲಿ ಸುಮಾರು 1.3 ಮೆಗಾಬೈಟ್ ದತ್ತಾಂಶ ಸರದಿಗಾಗಿ ಕಾಯುತ್ತಿದೆ, ನನ್ನ ಧ್ವನಿಯ ಪ್ಯಾಕೆಟ್ಟು (ದತ್ತಾಂಶದ ಪುಟ್ಟ ಕಟ್ಟು) ಅದರ ಬಾಲದಲ್ಲಿ ನಿಂತಿದೆ. ಸಂಭಾಷಣೆಯಲ್ಲಿ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿರುವುದು ಒಳಿತೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿದೆ. ಧ್ವನಿಗೆ ಬೇಕಾದುದಾದರೂ ಎಷ್ಟು? ಧ್ವನಿಯನ್ನು ಅಂಕಿಗಳಾಗಿಸುವ, ಧಾರಾಳವಾಗಿ ಜಾಗ ಬೇಡುವ ಹಳೆಯ ಜಿ.711 ಪದ್ಧತಿಯಲ್ಲೂ 20 ಮಿಲಿಸೆಕೆಂಡಿಗೊಮ್ಮೆ 200 ಬೈಟಿನ ಒಂದು ಪ್ಯಾಕೆಟ್ಟು; ನನ್ನ ಸಂಪರ್ಕದಲ್ಲಿ ಅದು ಹೊರಬೀಳಲು 0.16 ಮಿಲಿಸೆಕೆಂಡು ಸಾಕು. ಹಿಟ್ಟಿನ ಗಿರಣಿಯವನು ಕೂಡ ಮೂಟೆಗಟ್ಟಲೆ ರಾಗಿ ತಂದವರನ್ನು ಸ್ವಲ್ಪ ನಿಲ್ಲಿಸಿ, ಒಂದು ಸೇರು ತಂದ ಅಜ್ಜಿಗೆ ಮೊದಲು ಬೀಸಿಕೊಡುತ್ತಾನೆ.

ಇದಕ್ಕೆ ಪರಿಹಾರ ಇಲ್ಲದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಪ್ರತಿಯೊಬ್ಬ ಕಳುಹಿಸುವವನಿಗೂ ಪ್ರತ್ಯೇಕ ಸಾಲಿರಲಿ, ಒಂದೊಂದು ಸಾಲಿಗೂ ಸರದಿಯ ಮೇಲೆ ಅವಕಾಶ ಸಿಗಲಿ ಎಂದು ಕಂಪ್ಯೂಟರ್ ಜಾಲಗಳ ತಜ್ಞ ಜಾನ್ ನೇಗಲ್ 1985ರಲ್ಲೇ ಬರೆದರು. 2012ರಿಂದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನಲ್ಲಿ ಉಚಿತವಾಗಿ ಲಭ್ಯವಿರುವ, ಸಾಲುಗಳನ್ನು ನಿರ್ವಹಿಸುವ ಎಫ್‌ಕ್ಯು-ಕೋಡೆಲ್ ಎಂಬ ತಂತ್ರಾಂಶ ಅದಕ್ಕಿಂತ ಮುಂದೆ ಹೋಗಿ, ವಿರಳವಾಗಿ ಬರುವ ಪ್ಯಾಕೆಟ್ಟುಗಳನ್ನು ಮೊದಲು ಬಿಡುತ್ತದೆ; ಒಂದು ಸಾಲಿನ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಮೇಲೆಯೇ ಉಳಿದುಬಿಟ್ಟರೆ ಅದರಿಂದ ಪ್ಯಾಕೆಟ್ಟು ಕೈಬಿಟ್ಟು, ಕಳುಹಿಸುವವನು ತಾನಾಗಿ ನಿಧಾನಿಸುವಂತೆ ಮಾಡುತ್ತದೆ.

ನನ್ನ ರೂಟರಿನ ಸೆಟ್ಟಿಂಗ್ ಪುಟದಲ್ಲಿ, ಯಾವ ದತ್ತಾಂಶಕ್ಕೆ ಮೊದಲ ಸರದಿ ಎಂದು ನಿಗದಿಪಡಿಸುವ ಕ್ಯುಒಎಸ್ ಎಂಬ ಮೆನುವೂ ಇದೆ. ಅದನ್ನು ತೆರೆಯುವ ಪಾಸ್‌ವರ್ಡ್ ಗ್ರಾಹಕರಿಗೆ ಕೊಡುವುದಿಲ್ಲವಂತೆ, ನನ್ನದೇ ರೂಟರ್ ಜೋಡಿಸಲೂ ಒಪ್ಪುವುದಿಲ್ಲವಂತೆ. ಸಾಲು ಮುಂದೆಲ್ಲೋ ಬೆಳೆಯದೆ ರೂಟರಿನಲ್ಲೇ ನನ್ನ ಹಿಡಿತದಲ್ಲಿರಲೆಂದು ಅಪ್‌ಲೋಡನ್ನು 9 ಎಂಬಿಪಿಎಸ್‌ಗೆ ಮಿತಿಗೊಳಿಸಿಕೊಳ್ಳಲೂ ನಾನು ಸಿದ್ಧನಿದ್ದೇನೆ. ಹೆಚ್ಚು ಕೊಟ್ಟ ಹಣವನ್ನು ಮರಳಿ ಕೇಳುವುದಿಲ್ಲ. ಆ ಮೆನುವಿನ ಬೀಗ ತೆಗೆದುಕೊಡಿ.